ಬೆರಳಿಗೆ ಗಾಯವಾದಾಗ: ಸ್ನಾಯುರಜ್ಜುವಿನ ರಕ್ಷಣೆಯೂ ಸ್ಕ್ಯಾನಿಂಗ್ ಪರೀಕ್ಷೆಯೂ

ಮನೆಯಲ್ಲಾಗಲಿ ಹೊಲದಲ್ಲಾಗಲಿ ಬೆರಳುಗಳಿಲ್ಲದೆ ನಡೆಯುವ ಕೆಲಸವಿಲ್ಲ. ಬೆಳಗಿನ ರಂಗವಲ್ಲಿಯಿಂದ ಮೊದಲಾಗಿ ರಾತ್ರಿ ಮಗುವನ್ನು ತಟ್ಟಿ ಮಲಗಿಸುವವರೆಗೆ ಗೃಹಿಣಿಯ ಬೆರಳುಗಳಿಗೆ ಬಿಡುವೆಂಬುದಿಲ್ಲ. ಇಷ್ಟೊಂದು ದುಡಿಯುವ ಬೆರಳುಗಳಿಗೆ ಆಗಾಗ ಗಾಯವಾಗುವುದೂ ಸಹಜವೇ. ಈಳಿಗೆಮಣೆ, ಚಾಕು, ಕುಡುಗೋಲು, ಕಬ್ಬು ಕಡಿಯುವ ಮಚ್ಚು, ಒಡೆದ ಗಾಜಿನ ಲೋಟ, ಮುರಿದ ಬಳೆ, ಇವುಗಳಲ್ಲಿ ಯಾವುದಾದರೊಂದು ಬೆರಳನ್ನು ಕೊಯ್ಯದ ಮನೆ ಇರಲಾರದು. ಗಾಯಕ್ಕೆ ಅರಿಸಿನ ಮೆತ್ತಿ, ಹಳೆಯ ಬಟ್ಟೆ ಸುತ್ತಿ, ಮತ್ತೆ ಕೆಲಸಕ್ಕೆ ತೊಡಗುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ.

ಇಂಥದೊಂದು ಸಂದರ್ಭವನ್ನು ಮನಸ್ಸಿಗೆ ತಂದುಕೊಳ್ಳಿರಿ. ಮಲೆನಾಡಿನ ಒಂದು ಮನೆಯಲ್ಲಿ ಅಡಿಕೆ ಸುಲಿಯುವ ಕಾಲ. ಸುಲಿಯಲು ಕುಳಿತ ಹೆಣ್ಣುಮಗಳೊಬ್ಬಳ ತೋರುಬೆರಳಿಗೆ ಕತ್ತಿಯ ಅಲಗು ತಗಲಿತು. ಗಾಯ ಒಂದು ಸೆಂಟಿಮೀಟರಿನಷ್ಟೂ ಉದ್ದವಿಲ್ಲ. ರಕ್ತ ಬೇಗನೆ ನಿಂತಿತು. ಹತ್ತು ದಿನಗಳಲ್ಲಿ ಚರ್ಮವೂ ಕೂಡಿಕೊಂಡಿತು. ಆದರೆ ಬೆರಳ ತುದಿ ಮಾತ್ರ ಮಡಿಚಲಿಲ್ಲ. 'ಗಾಯದ ಬಿಗಿತ ಇರಬೇಕು, ತಾನಾಗಿಯೇ ಹೋದೀತು' ಎಂದು ಎರಡು ತಿಂಗಳು ಕಳೆದುವು. ಕೊನೆಗೆ ಆಸ್ಪತ್ರೆಗೆ ಹೋದಾಗ ವೈದ್ಯರು, ಬೆರಳನ್ನು ಮಡಿಚುವ ಸ್ನಾಯುರಜ್ಜು ಅಂದೇ ತುಂಡಾಗಿತ್ತೆಂದೂ, ಆಗಲೇ ಬಂದಿದ್ದರೆ ಒಂದು ಹೊಲಿಗೆಯಿಂದ ಸರಿಪಡಿಸಬಹುದಾಗಿತ್ತೆಂದೂ, ಈಗ ದೊಡ್ಡ ಶಸ್ತ್ರಕ್ರಿಯೆಯೇ ಬೇಕಾದೀತೆಂದೂ ತಿಳಿಸಿದರು.

ಇಂಥ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅದಕ್ಕಾಗಿ ನಾವು ತಿಳಿದಿರಬೇಕಾದ ಮುಖ್ಯ ಸಂಗತಿ ಒಂದೇ: ಬೆರಳಿನ ಗಾಯದ ಗುರುತ್ವವನ್ನು ಚರ್ಮದ ಮೇಲಿನ ಗಾಯದ ಗಾತ್ರದಿಂದ ಅಳೆಯಕೂಡದು. ಒಳಗೇನಾಗಿದೆ ಎಂಬುದನ್ನು ಅಂದೇ ಪರೀಕ್ಷಿಸಿಕೊಳ್ಳಬೇಕು. ಈ ಪರೀಕ್ಷೆಯಲ್ಲಿ ವೈದ್ಯರಿಗೆ ನೆರವಾಗುವ ಒಂದು ಸಾಧನ, ಗರ್ಭಿಣಿಯರಿಗೆ ಚಿರಪರಿಚಿತವಾದ ಸ್ಕ್ಯಾನಿಂಗ್ ಯಂತ್ರವೇ ಆಗಿದೆ.

ಬೆರಳು ಮಡಿಚುವುದು ಹೇಗೆ?

ನಿಮ್ಮ ಎಡಗೈಯಿಂದ ಬಲಗೈಯ ಮುಂಗೈಯನ್ನು ಹಿಡಿದುಕೊಂಡು ಬಲಗೈಯ ಬೆರಳುಗಳನ್ನು ಮಡಿಚಿ ಬಿಚ್ಚಿರಿ. ಮಣಿಕಟ್ಟಿನಿಂದ ಮೇಲೆ ಮಾಂಸಖಂಡಗಳು ಉಬ್ಬಿ ಇಳಿಯುವುದು ನಿಮ್ಮ ಅನುಭವಕ್ಕೆ ಬರುವುದು. ಬೆರಳುಗಳನ್ನು ಬಲವಾಗಿ ಮಡಿಚುವ ಸ್ನಾಯುಗಳು ಬೆರಳಿನಲ್ಲಿಲ್ಲ, ಅವು ಮುಂಗೈಯಲ್ಲಿವೆ. ಅವುಗಳ ಎಳೆತವನ್ನು ಬೆರಳಿನ ಮೂಳೆಗೆ ಮುಟ್ಟಿಸುವುದು ಬಿಳುಪಾದ, ನುಣುಪಾದ, ಗಟ್ಟಿಯಾದ ಹುರಿಯಂಥ ಒಂದು ಅಂಗಾಂಶ. ಇದೇ ಸ್ನಾಯುರಜ್ಜು. ವೈದ್ಯರು ಇದನ್ನು ಟೆಂಡನ್ ಎನ್ನುತ್ತಾರೆ. ಸೂತ್ರದ ಬೊಂಬೆಯ ಕೈಕಾಲುಗಳನ್ನು ಮೇಲೆ ಕುಳಿತ ಸೂತ್ರಧಾರನು ದಾರದಿಂದ ಆಡಿಸುವಂತೆ, ಮುಂಗೈಯ ಸ್ನಾಯುಗಳು ಈ ರಜ್ಜುಗಳಿಂದ ಬೆರಳುಗಳನ್ನು ಆಡಿಸುತ್ತವೆ.

ತೋರುಬೆರಳಿನಿಂದ ಕಿರುಬೆರಳಿನವರೆಗಿನ ನಾಲ್ಕು ಬೆರಳುಗಳಲ್ಲಿಯೂ ಮಡಿಚುವ ರಜ್ಜುಗಳು ಎರಡೆರಡು ಇವೆ. ಮೇಲ್ಪದರದ ರಜ್ಜು ನಡುಗೆಣ್ಣನ್ನು ಮಡಿಚುವುದು. ಆಳದ ರಜ್ಜು ಬೆರಳ ತುದಿಯ ಮೂಳೆಯವರೆಗೂ ಸಾಗಿ ತುದಿಗೆಣ್ಣನ್ನು ಮಡಿಚುವುದು. ಆಳದ ರಜ್ಜು ಮುಂದೆ ಸಾಗಲೆಂದು ಮೇಲ್ಪದರದ ರಜ್ಜು ಇಬ್ಭಾಗವಾಗಿ ಸೀಳಿ ನಡುವೆ ದಾರಿ ಬಿಡುವುದು ನಿಸರ್ಗದ ಒಂದು ಸೋಜಿಗ. ಹೆಬ್ಬೆರಳಿನ ತುದಿಯನ್ನು ಮಡಿಚುವ ಉದ್ದನೆಯ ರಜ್ಜು ಒಂದೇ. ಬೆರಳನ್ನು ನೀಡುವ ರಜ್ಜುಗಳು ಕೈಯ ಹಿಂಬದಿಯಲ್ಲಿ, ಚರ್ಮದ ಕೆಳಗೇ ಇರುತ್ತವೆ. ಮಡಿಚುವ ರಜ್ಜುಗಳು ಮೂಳೆಯನ್ನು ಬಿಟ್ಟು ಮೇಲೇಳದಂತೆ ಹಿಡಿದಿಡಲು ಬೆರಳಿನುದ್ದಕ್ಕೂ ಗಟ್ಟಿಯಾದ ಬಳೆಗಳಂಥ ಪಟ್ಟಿಗಳಿವೆ. ಬಾವಿಯ ರಾಟೆ ಹಗ್ಗಕ್ಕೆ ಹೇಗೋ ಈ ಪಟ್ಟಿಗಳು ರಜ್ಜುವಿಗೆ ಹಾಗೆ.

ನಮ್ಮ ಆಡುಮಾತಿನಲ್ಲಿ ರಜ್ಜುವನ್ನೂ ನರವನ್ನೂ ರಕ್ತನಾಳವನ್ನೂ ಒಟ್ಟಾಗಿ 'ನರ' ಎಂದುಬಿಡುತ್ತೇವೆ. ಇವು ಮೂರೂ ಬೇರೆ ಬೇರೆ. ರಜ್ಜು ತುಂಡಾದರೆ ಬೆರಳು ಆಡದು. ನರ ತುಂಡಾದರೆ ಸ್ಪರ್ಶ ತಿಳಿಯದು. ರಕ್ತನಾಳ ತುಂಡಾದರೆ ರಕ್ತ ಸುರಿಯುವುದು. ಬೆರಳಿನಲ್ಲಿ ಇವು ಮೂರೂ ಅಕ್ಕಪಕ್ಕದಲ್ಲಿಯೇ ಇರುವುದರಿಂದ ಒಂದೇ ಏಟಿಗೆ ಮೂರಕ್ಕೂ ಹಾನಿಯಾಗುವುದುಂಟು.

ಗಾಯ ಏಕೆ ಮರೆಯಾಗಿರುವುದು?

ರಜ್ಜುವಿನ ಗಾಯ ಕಣ್ಣಿಗೆ ಬೀಳದಿರಲು ಮೂರು ಕಾರಣಗಳಿವೆ.

ಮೊದಲನೆಯದು ಕೈಯ ಭಂಗಿ. ಗಾಯವಾಗುವ ಹೊತ್ತಿನಲ್ಲಿ ನಮ್ಮ ಬೆರಳುಗಳು ಸಾಮಾನ್ಯವಾಗಿ ಏನನ್ನೋ ಹಿಡಿದು ಮಡಿಚಿರುತ್ತವೆ. ಆಗ ರಜ್ಜು ಅಂಗೈಯ ಕಡೆಗೆ ಸರಿದಿರುತ್ತದೆ. ಗಾಯವನ್ನು ನೋಡಲೆಂದು ಬೆರಳನ್ನು ನೀಡಿದೊಡನೆ ರಜ್ಜುವಿನ ಕಡಿದ ಭಾಗ ಬೆರಳ ತುದಿಯ ಕಡೆಗೆ ಜಾರಿ ಚರ್ಮದ ಅಡಿಯಲ್ಲಿ ಮರೆಯಾಗುವುದು. ಗಾಯದ ಬಾಯೊಳಗೆ ಇಣುಕಿ ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆ ತೋರುವುದು.

ಎರಡನೆಯದು ರಜ್ಜುವಿನ ಸ್ವಭಾವ. ಪೂರ್ತಿ ತುಂಡಾದ ರಜ್ಜುವಿನ ಒಂದು ತುದಿಯನ್ನು ಮುಂಗೈಯ ಸ್ನಾಯು ತನ್ನೆಡೆಗೆ ಎಳೆದುಕೊಳ್ಳುವುದು. ಹರಿದ ಹಗ್ಗ ಬಾವಿಯೊಳಗೆ ಜಾರುವಂತೆ, ಕೆಲವೊಮ್ಮೆ ಅದು ಅಂಗೈವರೆಗೂ ಹಿಂದಕ್ಕೆ ಸರಿದುಬಿಡುವುದು.

ಮೂರನೆಯದು ಭಾಗಶಃ ಆದ ಗಾಯ. ರಜ್ಜುವಿನ ಅರ್ಧ ಭಾಗ ಕಡಿದಿದ್ದರೂ ಉಳಿದರ್ಧ ಬೆರಳನ್ನು ಮಡಿಚಬಲ್ಲುದು. ಆಳದ ರಜ್ಜು ಗಟ್ಟಿಯಾಗಿದ್ದರೆ ಮೇಲ್ಪದರದ ರಜ್ಜು ಪೂರ್ತಿ ತುಂಡಾಗಿದ್ದರೂ ಬೆರಳು ಮಡಿಚೀತು. ಆದುದರಿಂದ 'ಬೆರಳು ಆಡುತ್ತಿದೆ, ಏನೂ ಆಗಿಲ್ಲ' ಎಂಬ ತೀರ್ಮಾನ ಸರಿಯಲ್ಲ. ಹೀಗೆ ಅರೆ ಕಡಿದ ರಜ್ಜು, ಕೆಲವು ದಿನಗಳ ಅನಂತರ ಬಿಂದಿಗೆಯನ್ನೋ ಹುಲ್ಲಿನ ಹೊರೆಯನ್ನೋ ಎತ್ತುವಾಗ ಪೂರ್ತಿಯಾಗಿ ಹರಿಯುವ ಸಂಭವವುಂಟು.

ಮನೆಯಲ್ಲಿ ಗಮನಿಸಬೇಕಾದ ಚಿಹ್ನೆಗಳು

ಗಾಯಗೊಂಡವರ ಕೈಯನ್ನು ಅಂಗೈ ಮೇಲಾಗುವಂತೆ ಮೇಜಿನ ಮೇಲೋ ತೊಡೆಯ ಮೇಲೋ ಸಡಿಲವಾಗಿ ಇಡಿಸಿರಿ. ಸಹಜ ಸ್ಥಿತಿಯಲ್ಲಿ ಬೆರಳುಗಳು ಸ್ವಲ್ಪ ಸ್ವಲ್ಪವಾಗಿ ಬಾಗಿರುತ್ತವೆ. ತೋರುಬೆರಳಿಗಿಂತ ಕಿರುಬೆರಳು ಹೆಚ್ಚು ಬಾಗಿರುವುದು. ಈ ಸಾಲಿನಲ್ಲಿ ಒಂದು ಬೆರಳು ಮಾತ್ರ ನೆಟ್ಟಗೆ ನೀಡಿಕೊಂಡಿದ್ದರೆ ಅದರ ಮಡಿಚುವ ರಜ್ಜು ತುಂಡಾಗಿದೆಯೆಂದು ಶಂಕಿಸಬೇಕು. ಕೆಳಗಿನ ಚಿಹ್ನೆಗಳನ್ನೂ ನೋಡಿರಿ:

1. ಬೆರಳ ತುದಿಯನ್ನಾಗಲಿ ನಡುಗೆಣ್ಣನ್ನಾಗಲಿ ಮಡಿಚಲು ಅಥವಾ ನೀಡಲು ಆಗದಿರುವುದು.
2. ಮಡಿಚಲು ಬಂದರೂ ಹಿಡಿತದಲ್ಲಿ ಬಲವಿಲ್ಲದಿರುವುದು, ಅಥವಾ ಮಡಿಚುವಾಗ ಒಳಗೆ ಬಹಳ ನೋವಾಗುವುದು.
3. ಬೆರಳಿನ ಒಂದು ಪಕ್ಕ ಜೋಮು ಹಿಡಿದಂತಿರುವುದು, ಸ್ಪರ್ಶ ತಿಳಿಯದಿರುವುದು.
4. ಬೆರಳ ತುದಿ ಬಿಳಿಚಿಕೊಳ್ಳುವುದು ಅಥವಾ ನೀಲಿಗಟ್ಟುವುದು.

ಈ ಪರೀಕ್ಷೆಯನ್ನು ಮೃದುವಾಗಿ ಒಮ್ಮೆ ಮಾಡಿದರೆ ಸಾಕು. ಭಾರ ಎತ್ತಿಸಿ, ಬಲವಾಗಿ ಎಳೆಯಿಸಿ ನೋಡಕೂಡದು. ಅರೆ ಕಡಿದ ರಜ್ಜು ಪೂರ್ತಿ ಹರಿದೀತು. ಈ ಚಿಹ್ನೆಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಯಾವ ಚಿಹ್ನೆಯೂ ಇಲ್ಲದಿದ್ದರೂ, ಗಾಯ ಆಳವಾಗಿದ್ದರೆ ಅಥವಾ ಗಾಜಿನಿಂದ ಆದುದಾಗಿದ್ದರೆ, ವೈದ್ಯರಿಗೆ ತೋರಿಸುವುದೇ ಕ್ಷೇಮ.

ಪ್ರಥಮ ಚಿಕಿತ್ಸೆ

ಗಾಯವನ್ನು ಶುದ್ಧವಾದ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಮಡಿಬಟ್ಟೆಯನ್ನಿಟ್ಟು ಅದುಮಿ ಹಿಡಿದು, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿರಿ. ಉಂಗುರ, ಬಳೆಗಳನ್ನು ಬಾವು ಬರುವ ಮೊದಲೇ ತೆಗೆಯಿರಿ. ಬೆರಳು ಅಲುಗದಂತೆ ಸಡಿಲವಾಗಿ ಪಟ್ಟಿ ಕಟ್ಟಿರಿ. ಕಾಫಿಪುಡಿ, ಸುಣ್ಣ, ಅರಿಸಿನ, ಮಣ್ಣು ಮುಂತಾದುವನ್ನು ಗಾಯಕ್ಕೆ ತುಂಬಬೇಡಿರಿ. ಇವುಗಳಿಂದ ಗಾಯ ಕೀವಾಗುವುದಲ್ಲದೆ ವೈದ್ಯರ ಪರೀಕ್ಷೆಗೂ ಅಡ್ಡಿಯಾಗುವುದು. ಬೆರಳ ಬುಡಕ್ಕೆ ದಾರವನ್ನಾಗಲಿ ರಬ್ಬರನ್ನಾಗಲಿ ಬಿಗಿದು ಕಟ್ಟಬೇಡಿರಿ. ಆಳಕ್ಕೆ ನೆಟ್ಟ ಗಾಜು ಅಥವಾ ಲೋಹದ ಚೂರನ್ನು ಮನೆಯಲ್ಲಿ ಕೀಳಬೇಡಿರಿ. ಧನುರ್ವಾಯುವನ್ನು ತಡೆಯುವ ಚುಚ್ಚುಮದ್ದನ್ನು ಕೊನೆಯ ಸಲ ಎಂದು ಹಾಕಿಸಿಕೊಂಡಿರೆಂಬುದನ್ನು ವೈದ್ಯರಿಗೆ ತಿಳಿಸಿರಿ.

ಬೆರಳಿನ ಭಾಗ ಬೇರೆಯಾಗಿಯೇ ಬಿದ್ದಿದ್ದರೆ ಅದನ್ನು ಒದ್ದೆಯಾದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಟ್ಟು ಜೊತೆಗೆ ಒಯ್ಯಿರಿ. ಮಂಜುಗಡ್ಡೆ ನೇರವಾಗಿ ತಗಲಬಾರದು. ರಕ್ತ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿರಿ.

ಆಸ್ಪತ್ರೆಯಲ್ಲಿ ನಡೆಯುವ ಪರೀಕ್ಷೆ

ವೈದ್ಯರು ಮೊದಲು ಕೇಳುವುದು ಗಾಯ ಹೇಗಾಯಿತೆಂಬುದನ್ನು. ಆಯುಧ ಯಾವುದು, ಆಗ ಬೆರಳು ಮಡಿಚಿತ್ತೇ ನೀಡಿತ್ತೇ ಎಂಬುದನ್ನು ನೆನಪು ಮಾಡಿಕೊಂಡು ಹೇಳಿರಿ. ಅನಂತರ ಅವರು ಒಂದೊಂದು ರಜ್ಜುವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುತ್ತಾರೆ. ಬೆರಳಿನ ನಡುಭಾಗವನ್ನು ಅಲುಗದಂತೆ ಹಿಡಿದು ತುದಿಯನ್ನು ಮಾತ್ರ ಮಡಿಚಲು ಹೇಳುವುದು ಆಳದ ರಜ್ಜುವಿನ ಪರೀಕ್ಷೆ. ಉಳಿದ ಬೆರಳುಗಳನ್ನು ನೆಟ್ಟಗೆ ಹಿಡಿದು ಗಾಯದ ಬೆರಳೊಂದನ್ನೇ ಮಡಿಚಲು ಹೇಳುವುದು ಮೇಲ್ಪದರದ ರಜ್ಜುವಿನ ಪರೀಕ್ಷೆ. ಸ್ಪರ್ಶಜ್ಞಾನವನ್ನು ಮರಗಟ್ಟಿಸುವ ಚುಚ್ಚುಮದ್ದು ಕೊಡುವ ಮೊದಲೇ ನೋಡುತ್ತಾರೆ. ಮೂಳೆ ಮುರಿದಿದೆಯೇ, ಗಾಜಿನ ಇಲ್ಲವೆ ಲೋಹದ ಚೂರು ಉಳಿದಿದೆಯೇ ಎಂದು ತಿಳಿಯಲು ಕ್ಷಕಿರಣ ಚಿತ್ರ ತೆಗೆಯಿಸುತ್ತಾರೆ. ಆದರೆ ಕ್ಷಕಿರಣ ಚಿತ್ರದಲ್ಲಿ ರಜ್ಜುವಿನ ಎಳೆಗಳು ಕಾಣವು. ಮುಳ್ಳು, ಮರದ ಸಿಬಿರುಗಳೂ ಸಾಮಾನ್ಯವಾಗಿ ಕಾಣವು.

ನೋವಿನಿಂದ ಅಳುವ ಮಗು ಹೇಳಿದಂತೆ ಬೆರಳು ಆಡಿಸಲಾರದು. ಪ್ರಜ್ಞೆ ತಪ್ಪಿದವರೂ ಮದ್ಯಪಾನ ಮಾಡಿದವರೂ ಅಷ್ಟೆ. ಬಾವು ಬಂದ ಬೆರಳು ನೋವಿನಿಂದ ಆಡುತ್ತಿಲ್ಲವೋ ರಜ್ಜು ತುಂಡಾಗಿ ಆಡುತ್ತಿಲ್ಲವೋ ಎಂಬ ಸಂಶಯವೂ ಬರುವುದುಂಟು. ಹಿಂದೆ ಇಂಥ ಸಂಶಯ ಪರಿಹಾರಕ್ಕೆ ಗಾಯವನ್ನು ಇನ್ನಷ್ಟು ತೆರೆದು ನೋಡುವುದೇ ಬಹುತೇಕ ಉಳಿದ ದಾರಿಯಾಗಿತ್ತು. ಈಗ ಅದಕ್ಕೆ ಮುನ್ನ ಧ್ವನಿತರಂಗಗಳ ಮೂಲಕ ಒಳಗೆ ನೋಡುವ ಅವಕಾಶ ಒದಗಿದೆ.

ಧ್ವನಿಯಿಂದ ಚಿತ್ರ ಮೂಡುವ ಬಗೆ

ವಿಜಯಪುರದ ಗೋಲಗುಮ್ಮಟದಲ್ಲಿ ನಿಂತು ಕೂಗಿದರೆ ನಮ್ಮ ಧ್ವನಿ ಗೋಡೆಗೆ ಬಡಿದು ಮರಳಿ ಬರುವುದನ್ನು ಕೇಳುತ್ತೇವೆ. ಸ್ಕ್ಯಾನಿಂಗ್ ಯಂತ್ರದ ತತ್ತ್ವವೂ ಈ ಪ್ರತಿಧ್ವನಿಯೇ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಕೇಳಬಲ್ಲುದು. ಅದಕ್ಕೆ ಮೀರಿದುದು ಶ್ರವಣಾತೀತ ಧ್ವನಿ. ಯಂತ್ರದ ಕೈಹಿಡಿಯಲ್ಲಿರುವ ಶೋಧಕವು ಇಂಥ ಧ್ವನಿಯನ್ನು ದೇಹದೊಳಗೆ ಕಳುಹಿಸಿ, ಚರ್ಮ, ಕೊಬ್ಬು, ರಜ್ಜು, ಮೂಳೆಗಳಿಂದ ಮರಳಿದ ಪ್ರತಿಧ್ವನಿಗಳನ್ನು ಸಂಗ್ರಹಿಸಿ ತೆರೆಯ ಮೇಲೆ ಚಿತ್ರವಾಗಿ ಮೂಡಿಸುವುದು. ಕೆಲವು ಹರಳುಗಳನ್ನು ಒತ್ತಿದಾಗ ಅವುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಪಿಯರ್ ಕ್ಯೂರಿ ಮತ್ತು ಜಾಕ್ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಅದೇ ಗುಣವುಳ್ಳ ವಸ್ತುಗಳು ಶೋಧಕದಲ್ಲಿ ವಿದ್ಯುತ್ತನ್ನು ಧ್ವನಿಯಾಗಿಯೂ ಧ್ವನಿಯನ್ನು ವಿದ್ಯುತ್ತಾಗಿಯೂ ಮಾರ್ಪಡಿಸುತ್ತವೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಸ್ತ್ರೀರೋಗ ತಜ್ಞ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು 1958ರಲ್ಲಿ ಉದರದ ಗೆಡ್ಡೆಗಳ ಹಾಗೂ ಗರ್ಭದ ಧ್ವನಿಚಿತ್ರಗಳನ್ನು ಪ್ರಕಟಿಸಿದಂದಿನಿಂದ ಈ ಪರೀಕ್ಷೆ ವೈದ್ಯರ ಬಳಕೆಗೆ ಬರತೊಡಗಿತು.

ಹೊಟ್ಟೆಯ ಪರೀಕ್ಷೆಗೆ ಸೆಕೆಂಡಿಗೆ ಸುಮಾರು 20ರಿಂದ 50 ಲಕ್ಷ ಕಂಪನಗಳ ಧ್ವನಿ ಸಾಕು. ಬೆರಳಿಗೆ ಒಂದು ಕೋಟಿಗೂ ಮಿಕ್ಕಿದ ಕಂಪನಗಳ ಧ್ವನಿಯನ್ನು ಬಳಸುತ್ತಾರೆ. ಕಂಪನಗಳು ಹೆಚ್ಚಿದಷ್ಟೂ ಧ್ವನಿ ಆಳಕ್ಕೆ ಇಳಿಯಲಾರದು. ಆದರೆ ಮೇಲ್ಭಾಗದ ಸೂಕ್ಷ್ಮ ರಚನೆಗಳನ್ನು ಸ್ಫುಟವಾಗಿ ತೋರಿಸುವುದು. ಬೆರಳಿನ ರಜ್ಜು ಚರ್ಮದಿಂದ ಕೆಲವೇ ಮಿಲಿಮೀಟರುಗಳ ಕೆಳಗಿರುವುದರಿಂದ ಇದು ಅನುಕೂಲವಾಗಿದೆ.

ತೆರೆಯ ಮೇಲೆ ವೈದ್ಯರು ಕಾಣುವುದೇನು?

ಆರೋಗ್ಯವಾದ ರಜ್ಜು ಉದ್ದನೆಯ ಬಿಳಿಯ ಎಳೆಗಳನ್ನು ಒತ್ತಾಗಿ ಜೋಡಿಸಿ ಹುರಿಮಾಡಿದಂತೆ ಕಾಣುವುದು. ಬೆರಳನ್ನು ಮೆಲ್ಲನೆ ಆಡಿಸಿದಾಗ ಈ ಹುರಿ ಹಿಂದಕ್ಕೂ ಮುಂದಕ್ಕೂ ಜಾರುವುದನ್ನು ಕಣ್ಣಾರೆ ನೋಡಬಹುದು. ಕ್ಷಕಿರಣ ಚಿತ್ರಕ್ಕಿಲ್ಲದ ಲಾಭ ಇದು: ಧ್ವನಿಚಿತ್ರ ಚಲನೆಯನ್ನೇ ತೋರಿಸಬಲ್ಲುದು. ಅಳುವ ಮಗುವಿನ ಬೆರಳನ್ನು ವೈದ್ಯರೇ ಹಗುರವಾಗಿ ಆಡಿಸಿ, ರಜ್ಜು ಜೊತೆಯಲ್ಲಿ ಚಲಿಸುತ್ತಿದೆಯೇ ಎಂದು ನೋಡುವುದು ಸಾಧ್ಯ.

ರಜ್ಜು ಪೂರ್ತಿ ತುಂಡಾಗಿದ್ದರೆ ಎಳೆಗಳ ಸಾಲು ಒಂದೆಡೆ ಕಡಿದುಹೋಗಿ ನಡುವೆ ಕಪ್ಪಾದ ತೆರಪು ಕಾಣುವುದು; ಆ ತೆರಪಿನಲ್ಲಿ ರಕ್ತವೋ ನೀರೋ ತುಂಬಿರುವುದು. ಬೆರಳನ್ನು ಆಡಿಸಿದಾಗ ತುಂಡಿನ ಎರಡು ತುದಿಗಳೂ ಕೂಡಿ ಚಲಿಸುವುದಿಲ್ಲ. ಭಾಗಶಃ ಕಡಿದಿದ್ದರೆ ಕೆಲವು ಎಳೆಗಳು ಮಾತ್ರ ತುಂಡಾಗಿ ಉಳಿದವು ಮುಂದುವರಿದಿರುವುದು ತೋರುವುದು. ಹಿಂದಕ್ಕೆ ಸರಿದ ತುದಿ ಅಂಗೈಯಲ್ಲಿ ಎಲ್ಲಿ ನಿಂತಿದೆಯೆಂದು ಮೊದಲೇ ಗೊತ್ತಾದರೆ ಶಸ್ತ್ರವೈದ್ಯರಿಗೆ ಬಹಳ ಅನುಕೂಲ. ಬಾವಿಗೆ ಬಿದ್ದ ಕೊಡ ಎಲ್ಲಿದೆಯೆಂದು ತಿಳಿಯದೆ ಪಾತಾಳಗರಡಿಯನ್ನು ಆಡಿಸುವಂತೆ ಅವರು ಹುಡುಕಬೇಕಾಗಿಲ್ಲ. ಇದಲ್ಲದೆ ಒಳಗುಳಿದ ಮುಳ್ಳು, ಮರದ ಸಿಬಿರು, ಗಾಜಿನ ಚೂರುಗಳೂ ಈ ಪರೀಕ್ಷೆಯಲ್ಲಿ ಗೋಚರಿಸುವುದುಂಟು.

ನೀರಿನ ಪಾತ್ರೆಯ ವಿಧಾನ

'ಗಾಯದ ಮೇಲೆ ಯಂತ್ರವನ್ನು ಒತ್ತಿದರೆ ನೋವಾಗದೇ?' ಎಂದು ನೀವು ಕೇಳಬಹುದು. ಧ್ವನಿ ಗಾಳಿಯನ್ನು ದಾಟಿ ದೇಹದೊಳಗೆ ಹೋಗಲಾರದು. ಆದುದರಿಂದಲೇ ಸಾಮಾನ್ಯವಾಗಿ ಚರ್ಮಕ್ಕೆ ಲೋಳೆಯಂಥ ದ್ರವವನ್ನು ಸವರಿ ಶೋಧಕವನ್ನು ಅದರ ಮೇಲೆ ಇಡುತ್ತಾರೆ. ನೋಯುತ್ತಿರುವ ಬೆರಳಿಗೆ ಇದಕ್ಕಿಂತ ಸುಲಭವಾದ ಉಪಾಯವನ್ನು ಅಮೆರಿಕದ ತುರ್ತುಚಿಕಿತ್ಸಾ ವೈದ್ಯರು 2004ರಲ್ಲಿ ವರದಿಮಾಡಿದರು. ಒಂದು ಪಾತ್ರೆಯಲ್ಲಿ ಶುದ್ಧವಾದ ನೀರನ್ನು ತುಂಬಿ ರೋಗಿಯ ಕೈಯನ್ನು ಅದರಲ್ಲಿ ಮುಳುಗಿಸಿಡುವುದು. ಶೋಧಕದ ತುದಿಯನ್ನೂ ನೀರಿನಲ್ಲಿ ಅದ್ದಿ, ಚರ್ಮಕ್ಕೆ ತಗಲಿಸದೆ ಸುಮಾರು ಒಂದು ಸೆಂಟಿಮೀಟರ್ ದೂರದಲ್ಲಿ ಹಿಡಿಯುವುದು. ನೀರು ಧ್ವನಿಯನ್ನು ಚೆನ್ನಾಗಿ ಸಾಗಿಸುವುದರಿಂದ ಚಿತ್ರ ಸ್ಪಷ್ಟವಾಗಿ ಮೂಡುವುದು. ಬೆರಳನ್ನು ಯಾರೂ ಒತ್ತುವುದಿಲ್ಲ. ರೋಗಿಯು ನೀರಿನೊಳಗೇ ಬೆರಳನ್ನು ಮೆಲ್ಲನೆ ಆಡಿಸಬಹುದು. ತೆರೆದ ಗಾಯವಿದ್ದಾಗ ನೀರು, ಪಾತ್ರೆ, ಶೋಧಕದ ಹೊದಿಕೆ ಎಲ್ಲವೂ ಶುದ್ಧವಾಗಿರಬೇಕಾದುದು ಅವಶ್ಯ. ಇದು ಆಸ್ಪತ್ರೆಯಲ್ಲಿ ನಡೆಯುವ ವಿಧಾನವೇ ಹೊರತು ಮನೆಯಲ್ಲಿ ಗಾಯದ ಕೈಯನ್ನು ನೀರಿನಲ್ಲಿ ನೆನೆಸಿಡಬೇಕೆಂದು ಇದರ ಅರ್ಥವಲ್ಲ.

ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೈಕಾಲುಗಳ ರಜ್ಜುವಿಗೆ ಗಾಯವಾಗಿರಬಹುದೆಂಬ ಸಂಶಯವಿದ್ದ 34 ರೋಗಿಗಳನ್ನು ತುರ್ತು ವಿಭಾಗದಲ್ಲಿಯೇ ಧ್ವನಿಚಿತ್ರದಿಂದ ಪರೀಕ್ಷಿಸಲಾಯಿತು. ರಜ್ಜುವಿನ ಗಾಯವಿದ್ದವರಲ್ಲಿ ಯಾರೂ ಈ ಪರೀಕ್ಷೆಯ ಕಣ್ಣು ತಪ್ಪಿಸಲಿಲ್ಲ. ಗಾಯವಿಲ್ಲದವರಲ್ಲಿ ಗಾಯವಿದೆಯೆಂದು ತಪ್ಪಾಗಿ ತೋರಿದ್ದು ಬಹಳ ಕಡಿಮೆ. ರೋಗಿಗಳ ಸಂಖ್ಯೆ ಚಿಕ್ಕದಾದರೂ, ಪಳಗಿದ ಕೈಯಲ್ಲಿ ಈ ಪರೀಕ್ಷೆ ಎಷ್ಟು ಉಪಯುಕ್ತವೆಂಬುದು ಇದರಿಂದ ತಿಳಿಯುವುದು.

ಈ ಪರೀಕ್ಷೆಯ ಮಿತಿಗಳು

ಯಂತ್ರವು ತಾನಾಗಿ ರೋಗವನ್ನು ಹೇಳಲಾರದು; ಅದನ್ನು ಹಿಡಿದವರ ಅನುಭವವೇ ಮುಖ್ಯ. ಶೋಧಕವನ್ನು ರಜ್ಜುವಿಗೆ ನೆಟ್ಟಗೆ ಹಿಡಿದರೆ ಬೆಳ್ಳಗೆ ಕಾಣುವ ಎಳೆಗಳು, ತುಸು ಓರೆಯಾದರೆ ಕಪ್ಪಾಗಿ ಕಂಡು, ಗಟ್ಟಿಯಾಗಿರುವ ರಜ್ಜುವೂ ಹರಿದಂತೆ ಭ್ರಮೆ ಹುಟ್ಟಿಸುವುದು. ಗಾಯದೊಳಗೆ ಗಾಳಿ ಸೇರಿದ್ದರೆ ಚಿತ್ರ ಮಸುಕಾಗುವುದು. ಕೂದಲೆಳೆಯಷ್ಟು ಸಣ್ಣ ಸೀಳು ತಪ್ಪಿಹೋಗುವುದೂ ಉಂಟು. ಆದುದರಿಂದ ವೈದ್ಯರು ಕೈಯಿಂದ ಮಾಡುವ ಪರೀಕ್ಷೆಗೆ ಇದು ಪೂರಕವೇ ಹೊರತು ಬದಲಿಯಲ್ಲ. ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೂ ಬೆರಳು ಆಡದಿದ್ದರೆ ಶಸ್ತ್ರವೈದ್ಯರು ಗಾಯವನ್ನು ತೆರೆದು ನೋಡಲೇಬೇಕಾದೀತು.

ಬೆರಳಿನ ಪರೀಕ್ಷೆಗೆ ತಕ್ಕ ಶೋಧಕವೂ ಅನುಭವಿ ವೈದ್ಯರೂ ಎಲ್ಲ ಆಸ್ಪತ್ರೆಗಳಲ್ಲಿ ಇರಲಾರರು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಸೌಲಭ್ಯವಿಲ್ಲವೆಂದು ಯಾರೂ ಮನೆಯಲ್ಲಿ ಉಳಿಯಬಾರದು. ಅಲ್ಲಿ ಗಾಯವನ್ನು ತೊಳೆದು, ಚುಚ್ಚುಮದ್ದು ಕೊಟ್ಟು, ಬೆರಳಿಗೆ ಆಸರೆಪಟ್ಟಿ ಕಟ್ಟಿ, ಅಗತ್ಯವಿದ್ದರೆ ದೊಡ್ಡ ಆಸ್ಪತ್ರೆಗೆ ಕಳುಹಿಸಿಕೊಡುತ್ತಾರೆ.

ಚರ್ಮ ಹರಿಯದೆ ಆಗುವ ಗಾಯಗಳು

ರಜ್ಜುವಿಗೆ ಹಾನಿಯಾಗಲು ಕತ್ತಿಯೇ ತಗಲಬೇಕೆಂದಿಲ್ಲ. ಕಬಡ್ಡಿ ಆಡುವಾಗ ಓಡುವವನ ಅಂಗಿಯನ್ನು ಹಿಡಿದೆಳೆದ ಬೆರಳಿನಲ್ಲಿ ಆಳದ ರಜ್ಜು ತುದಿಮೂಳೆಯಿಂದ ಕಿತ್ತುಬರುವುದುಂಟು. ಹೆಚ್ಚಾಗಿ ಇದು ಆಗುವುದು ಉಂಗುರಬೆರಳಿಗೆ. ಹೊರಗೆ ಗಾಯವಿಲ್ಲ, ಬಾವು ಮಾತ್ರ. ಆದರೆ ಬೆರಳ ತುದಿ ಮಡಿಚದು. ಇಲ್ಲಿ ಕಿತ್ತ ತುದಿ ಎಲ್ಲಿಯವರೆಗೆ ಸರಿದಿದೆಯೆಂದು ತಿಳಿಯಲು ಧ್ವನಿಚಿತ್ರ ಬಹಳ ಸಹಾಯಕ. ಈ ಗಾಯವನ್ನು 'ಉಳುಕು' ಎಂದು ತಿಳಿದು ಎಣ್ಣೆ ತಿಕ್ಕಿಸಿ ನೀವಿಸುತ್ತಾ ದಿನ ಕಳೆಯುವುದು ದೊಡ್ಡ ತಪ್ಪು.

ಇನ್ನೊಂದು, ಕ್ರಿಕೆಟ್ ಅಥವಾ ವಾಲಿಬಾಲ್ ಚೆಂಡು ಬೆರಳ ತುದಿಗೆ ಬಡಿದಾಗ ಆಗುವುದು. ಹಿಂಬದಿಯ ರಜ್ಜು ಹರಿದು ತುದಿ ಜೋತುಬೀಳುವುದು. ಇದಕ್ಕೆ ಹೆಚ್ಚಾಗಿ ಶಸ್ತ್ರಕ್ರಿಯೆ ಬೇಡ. ತುದಿಗೆಣ್ಣು ನೆಟ್ಟಗೆ ನಿಲ್ಲುವಂತೆ ಆಸರೆಪಟ್ಟಿಯನ್ನು 6ರಿಂದ 8 ವಾರ ಹಗಲಿರುಳೂ ತೆಗೆಯದೆ ಧರಿಸಬೇಕು. ನಡುವೆ ಒಮ್ಮೆ ಬೆರಳು ಬಾಗಿದರೂ ಎಣಿಕೆಯನ್ನು ಮೊದಲಿನಿಂದ ಆರಂಭಿಸಬೇಕಾಗುವುದು.

ಚಿಕಿತ್ಸೆ ಮತ್ತು ಕಾಲದ ಮಹತ್ವ

ರಜ್ಜು ಪೂರ್ತಿ ತುಂಡಾಗಿದ್ದರೆ ಅದು ತಾನಾಗಿ ಕೂಡಿಕೊಳ್ಳಲಾರದು. ಔಷಧಿ, ಮಾತ್ರೆ, ಕಟ್ಟುಗಳಿಂದ ಮಡಿಚುವ ರಜ್ಜುವಿನ ಎರಡು ತುದಿಗಳು ಸೇರಲಾರವು. ಶಸ್ತ್ರವೈದ್ಯರು ಹೊಲಿದು ಸೇರಿಸಬೇಕು. ಬೆರಳ ಬುಡದಿಂದ ನಡುಭಾಗದವರೆಗಿನ ಪ್ರದೇಶದಲ್ಲಿ ಎರಡು ರಜ್ಜುಗಳೂ ಒಂದೇ ಇಕ್ಕಟ್ಟಾದ ಕೊಳವೆಯಲ್ಲಿ ಸಾಗುವುದರಿಂದ, ಹಿಂದೆ ಅಲ್ಲಿ ಹೊಲಿಗೆ ಹಾಕಲು ಶಸ್ತ್ರವೈದ್ಯರು ಹಿಂಜರಿಯುತ್ತಿದ್ದರು. ಹೊಲಿದ ರಜ್ಜು ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡು ಬೆರಳು ಬಿಗಿಯುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಲೂಯಿವಿಲ್ ನಗರದ ಹೆರಾಲ್ಡ್ ಕ್ಲೈನರ್ಟ್ ಮತ್ತು ಅವರ ಸಹೋದ್ಯೋಗಿಗಳು, ಆರಂಭದಲ್ಲೇ ನಾಜೂಕಾಗಿ ಹೊಲಿದು ಬೇಗನೆ ಹತೋಟಿಯಲ್ಲಿ ಬೆರಳನ್ನು ಆಡಿಸಿದರೆ ಅಲ್ಲಿಯೂ ಒಳ್ಳೆಯ ಫಲ ದೊರೆಯುವುದೆಂದು ತೋರಿಸಿಕೊಟ್ಟರು. ಇಂದು ಇದೇ ರೂಢಿಯಲ್ಲಿದೆ.

ಗಾಯವಾದ ಕೆಲವು ದಿನಗಳೊಳಗೆ ಹೊಲಿದರೆ ಫಲ ಉತ್ತಮ. ಎರಡು ವಾರ ಮೀರಿದಂತೆ ಸ್ನಾಯು ಕುಗ್ಗುವುದು, ರಜ್ಜುವಿನ ತುದಿಗಳು ಊದುವುವು, ಅದು ಸಾಗಬೇಕಾದ ಕೊಳವೆ ಮುಚ್ಚಿಕೊಳ್ಳುವುದು. ತಿಂಗಳುಗಳು ಕಳೆದರೆ ಬೇರೆಡೆಯಿಂದ ರಜ್ಜುವನ್ನು ತೆಗೆದು ಕಸಿಮಾಡಬೇಕಾಗಿ, ಕೆಲವೊಮ್ಮೆ ಎರಡು ಶಸ್ತ್ರಕ್ರಿಯೆಗಳೇ ಅಗತ್ಯವಾದಾವು. ಭಾಗಶಃ ಕಡಿದಾಗ ಎಲ್ಲಕ್ಕೂ ಹೊಲಿಗೆ ಬೇಕಿಲ್ಲ. ಎಷ್ಟು ಭಾಗ ಕಡಿದಿದೆ ಎಂಬುದನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಹೊಲಿಗೆಯಿಂದಲೇ ಚಿಕಿತ್ಸೆ ಮುಗಿಯದು. ಅನಂತರದ ವ್ಯಾಯಾಮ ಅಷ್ಟೇ ಮುಖ್ಯ. ಮಡಿಚುವ ರಜ್ಜುವನ್ನು ಹೊಲಿದ ಮೇಲೆ ಸುಮಾರು 6 ವಾರ ಆಸರೆಪಟ್ಟಿಯಲ್ಲಿಟ್ಟು, ಹೇಳಿಕೊಟ್ಟ ರೀತಿಯಲ್ಲಿ ಮಾತ್ರ ಬೆರಳನ್ನು ಆಡಿಸಬೇಕು. ಭಾರವಾದ ಕೆಲಸಕ್ಕೆ ಸುಮಾರು 12 ವಾರ ಕಾಯಬೇಕಾಗುವುದು. ಈ ಮೂರು ತಿಂಗಳು ನೀರು ಹೊರುವುದು, ಬಟ್ಟೆ ಹಿಂಡುವುದು, ಒರಳು ರುಬ್ಬುವುದು ಮುಂತಾದ ಕೆಲಸಗಳನ್ನು ಮನೆಯ ಇತರರು ಹಂಚಿಕೊಳ್ಳತಕ್ಕದ್ದು. 'ಹೊಲಿಗೆ ಬಿಚ್ಚಿದರಲ್ಲ, ಇನ್ನೇನು' ಎಂದು ಗೃಹಿಣಿಯನ್ನು ಅವಸರದಿಂದ ದುಡಿಮೆಗೆ ಹಚ್ಚಿದರೆ ಹೊಲಿದ ರಜ್ಜು ಮತ್ತೆ ಹರಿಯಬಹುದು. ಮನೆಯವರ ಸಹಕಾರವೂ ಚಿಕಿತ್ಸೆಯ ಒಂದು ಭಾಗವೇ.

ಕೆಲವು ಸಂದೇಹಗಳು

ಸ್ಕ್ಯಾನಿಂಗ್‌ನಿಂದ ಬೆರಳಿಗೆ ಹಾನಿಯುಂಟೇ? ಇಲ್ಲ. ಇದರಲ್ಲಿ ಕ್ಷಕಿರಣವಿಲ್ಲ, ಧ್ವನಿ ಮಾತ್ರ. ಗರ್ಭಿಣಿಯರಿಗೂ ಮಕ್ಕಳಿಗೂ ಈ ಪರೀಕ್ಷೆಯನ್ನು ಮಾಡಬಹುದು.

ಗಾಯ ಮಾಯ್ದ ಮೇಲೆ ಪರೀಕ್ಷೆ ಮಾಡಿಸಬಹುದೇ? ಮಾಡಿಸಬಹುದು. ಬೆರಳು ಆಡದಿದ್ದರೆ ಎಷ್ಟು ತಡವಾಗಿದ್ದರೂ ವೈದ್ಯರನ್ನು ಕಾಣಿರಿ. ತಡವಾಯಿತೆಂದು ಸಂಕೋಚಪಟ್ಟು ಇನ್ನಷ್ಟು ತಡಮಾಡಬೇಡಿರಿ.

ಗಾಯವಾದ ಎರಡು ಮೂರು ದಿನಗಳಲ್ಲಿ ಬೆರಳು ಉದ್ದಕ್ಕೂ ಊದಿದರೆ? ಬೆರಳು ಸ್ವಲ್ಪ ಬಾಗಿ ನಿಂತು, ಉದ್ದಕ್ಕೂ ಊದಿ, ಮುಟ್ಟಿದರೆ ನೋಯುತ್ತಾ, ಬೇರೆಯವರು ನೀಡಿದಾಗ ತಡೆಯಲಾರದ ನೋವಾದರೆ ರಜ್ಜುವಿನ ಕೊಳವೆಯಲ್ಲಿ ಕೀವು ತುಂಬಿರಬಹುದು. ಇದು ತುರ್ತು ಸ್ಥಿತಿ. ಒಡನೆಯೇ ಆಸ್ಪತ್ರೆಗೆ ಹೋಗಬೇಕು.

ಇದೇ ಯಂತ್ರದಿಂದ ಗರ್ಭದ ಶಿಶು ಗಂಡೋ ಹೆಣ್ಣೋ ಎಂದು ತಿಳಿಯಬಹುದಲ್ಲವೇ? ಹಾಗೆ ಕೇಳುವುದೂ ಹೇಳುವುದೂ 1994ರ ಕೇಂದ್ರ ಕಾನೂನಿನಂತೆ ಅಪರಾಧ. ಸ್ಕ್ಯಾನಿಂಗ್ ಯಂತ್ರಗಳಿರುವ ಕೇಂದ್ರಗಳು ಈ ಕಾನೂನಿನ ಮೇರೆಗೆ ನೋಂದಣಿಯಾಗಿರಬೇಕು. ರೋಗವನ್ನು ಕಂಡುಹಿಡಿಯಲು ಬಂದ ಸಾಧನವನ್ನು ರೋಗ ನಿವಾರಣೆಗೇ ಬಳಸುವುದು ನಮ್ಮೆಲ್ಲರ ಹೊಣೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ಸಣ್ಣ ಗಾಯದ ಕೆಳಗೆ ತುಂಡಾದ ರಜ್ಜು ಅಡಗಿರಬಹುದು.
2. ಬೆರಳು ಆಡಿದ ಮಾತ್ರಕ್ಕೆ ರಜ್ಜು ಗಟ್ಟಿಯಾಗಿದೆಯೆಂದು ಹೇಳಲಾಗದು.
3. ಗಾಯವನ್ನು ತೊಳೆದು, ಅದುಮಿ ಹಿಡಿದು, ಕೈಯೆತ್ತಿ, ಅಂದೇ ವೈದ್ಯರಲ್ಲಿಗೆ ಹೋಗಿರಿ.
4. ಸ್ಕ್ಯಾನಿಂಗ್ ನೋವಿಲ್ಲದ ಪರೀಕ್ಷೆ. ಆದರೆ ಅದಕ್ಕಾಗಿ ಕಾದು ಚಿಕಿತ್ಸೆಗೆ ತಡಮಾಡಕೂಡದು.
5. ಹೊಲಿಗೆಯಾದ ಮೇಲೆ ವ್ಯಾಯಾಮವನ್ನೂ ವಿಶ್ರಾಂತಿಯನ್ನೂ ಹೇಳಿದಷ್ಟು ಕಾಲ ಪಾಲಿಸಿರಿ.

ಮೊದಲು ಹೇಳಿದ ಆ ಹೆಣ್ಣುಮಗಳನ್ನು ಮತ್ತೊಮ್ಮೆ ನೆನೆಯಿರಿ. ಬೆರಳು ಕೊಯ್ದ ಸಂಜೆಯೇ ಮನೆಯವರಲ್ಲೊಬ್ಬರು ಅವಳ ಕೈಯನ್ನು ಮಡಿಲಲ್ಲಿರಿಸಿಕೊಂಡು, 'ಎಲ್ಲಿ, ತುದಿಯನ್ನು ಸ್ವಲ್ಪ ಮಡಿಚು ನೋಡೋಣ' ಎಂದು ಕೇಳಿದ್ದರೆ, ಅವಳ ತೋರುಬೆರಳು ಇಂದೂ ಸೂಜಿ ಹಿಡಿಯುತ್ತಿತ್ತು, ಹೂ ಕಟ್ಟುತ್ತಿತ್ತು. ನಿಮ್ಮ ಮನೆಯಲ್ಲಿ ಯಾರ ಬೆರಳಿಗಾದರೂ ಗಾಯವಾದಾಗ ಈ ಒಂದು ಮಾತನ್ನು ಕೇಳಲು ಮರೆಯದಿರಿ.